ಮೂರು ತೂತಿಗೂ ಕುಂಕುಮ

ನಾಗಮಂಗಲದಲ್ಲಿ ಕಂಪ್ಯೂಟರ್ ಕಲಿಸುವ ಒಂದು ಅಂಗಡಿಯಲ್ಲಿ ನಾನು ನಾಲ್ಕು ವರ್ಷ ಕಸ ಗುಡಿಸಿದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಆರು ಮಿಷಿನ್ನು, ಹತ್ತು ಸ್ಟೂಲು, ಒಂದು ಫ್ಯಾನು. ಕಂಪ್ಯೂಟರ್ ಅಂದರೆ ಧೂಳಿಗೆ ಹೆದರುವ ಸಾಮಾನು ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

ಅಂಗಡಿ ನಡೆಸುತ್ತಿದ್ದವಳು ಬಾಬುರಾಯನಕೊಪ್ಪಲಿನ ಹೆಣ್ಣುಮಗಳು. ನಾಗಮಂಗಲದಲ್ಲೇ ರೂಮು ಮಾಡಿಕೊಂಡಿದ್ದಳು. ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ಆದರೆ ಮಾತು ಮಾತ್ರ ನೀನು ತಾನು ಎಂದೇ. ನನ್ನ ಕೊನೆಯ ಮಗಳಿಗಿಂತ ಚಿಕ್ಕವಳು, ಇನ್ನೇನು ಮಾಡಲಿ. ಅವಳು ಅದಕ್ಕೆ ಮುಖ ಗಂಟು ಹಾಕಲಿಲ್ಲ.

ಐದು ಮಿಷಿನ್ನಿನ ಪರದೆ ಬಣ್ಣಬಣ್ಣದ್ದು. ಕಿಟಕಿಯ ಪಕ್ಕದ ಆರನೆಯದಕ್ಕೆ ಅವಳು ಲಿನಕ್ಸ್ ಎಂಬುದನ್ನು ಹಾಕಿದ್ದಳು. ಯಾವುದೋ ಪತ್ರಿಕೆಯ ಜೊತೆ ಬಂದ ಸೀಡಿಯಂತೆ. ಕರಿ ಹಲಗೆಯ ಮೇಲೆ ಬಿಳಿ ಅಕ್ಷರ, ಅಷ್ಟೇ. ಆಟ ಇಲ್ಲ ಎಂದು ಕಲಿಯಲು ಬರುವವರು ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಮೊದಮೊದಲು ಅದು ಮೂಗಿ. ದನಿ ಹೊರಡಿಸುವ ಸೌಂಡ್ ಕಾರ್ಡು ಹೊಟ್ಟೆಯೊಳಗೇ ಇದ್ದರೂ ಅದು ಇದೆ ಎಂದು ಮಿಷಿನ್ನು ಒಪ್ಪುತ್ತಿರಲಿಲ್ಲವಂತೆ. ಮೇಡಂ ಮೂರು ದಿನ ಕೂತು ಒಪ್ಪಿಸಿದಳು. ಬೈಯಲಿಲ್ಲ, ಕುಟ್ಟಲಿಲ್ಲ. ನಮ್ಮೂರಿನಲ್ಲಿ ಪಂಪ್‌ಸೆಟ್ಟು ಕೆಟ್ಟರೆ ಗಂಡಸರು ಮೊದಲು ಅದರ ತಾಯಿಗೆ ಬೈದು, ಆಮೇಲೆ ಒದ್ದು, ಆಮೇಲೆ ಸ್ಪ್ಯಾನರು ಹುಡುಕುತ್ತಾರೆ. ಇವಳ ರೀತಿ ನೋಡಿದ ದಿನವೇ ಇದು ಬೇರೆ ಜಾತಿಯ ಆಳು ಅಂದುಕೊಂಡೆ.

ಇನ್ನು ನನ್ನ ವಿಷಯ. ನಾನು ಹುಟ್ಟಿದ್ದು ಪಾಂಡವಪುರದ ಕಡೆ, ನಾಲೆ ನೀರಿನ ಊರು. ನಾಟಿ ಗದ್ದೆಯಲ್ಲಿ ಈ ಬದುವಿನಲ್ಲಿ ಎತ್ತಿದ ಪದ ಆ ಬದುವಿನವರಿಗೆ ಮುಟ್ಟಬೇಕು. ಹಾಗೆ ಕಲಿತ ಗಂಟಲು ನನ್ನದು. ಮದುವೆಯಾಗಿ ಈ ಒಣ ಸೀಮೆಗೆ ಬಂದ ಮೇಲೂ ನಂಟರಿಷ್ಟರ ಮದುವೆಯಲ್ಲಿ ಸೋಬಾನೆ ಎತ್ತಿಕೊಡುವವಳು ನಾನೇ. ಒಬ್ಬಳು ಎತ್ತಬೇಕು, ಉಳಿದವರು ಅದನ್ನು ಹಿಂದೆಯೇ ಹೇಳಬೇಕು. ಎತ್ತುವವಳು ತಪ್ಪಿದರೆ ಎಲ್ಲರೂ ತಪ್ಪಿದ ಹಾಗೆ. ಬೇಸಿಗೆಯಲ್ಲಿ ಒಂದು ಚಪ್ಪರದಡಿ ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಎಲ್ಲರಿಗೂ ಕೇಳುವ ಹಾಗೆ ಅಂದಳು: “ನಮ್ಮಕ್ಕನ ಗಂಟ್ಲು ಸೀಳೋಗದೆ ಕಣ್ರಮ್ಮಿ. ಇನ್ಯಾರಾದ್ರೂ ಎತ್ಕೊಳ್ರಿ.”

“ನಿನ್ ಕಿವಿ ಸೀಳೋಗಿರ್ಬೇಕು, ಸುಮ್ಕಿರಮ್ಮಿ” ಅಂದೆ. ಅಂದೆನೇ ಹೊರತು ಮಾತು ಒಳಗೆ ಹೊಕ್ಕಿತ್ತು. ಕಾರ್ತಿಕದಲ್ಲಿ ಕೆ.ಆರ್. ಪೇಟೆಯ ಕಡೆ ನನ್ನ ತಂಗಿಯ ಮೊಮ್ಮಗಳ ಮದುವೆ ಇತ್ತು. ಅಲ್ಲಿ ಎತ್ತಬೇಕೋ ಬಿಡಬೇಕೋ ಎಂಬುದೇ ಆ ಮಳೆಗಾಲವೆಲ್ಲ ನನ್ನ ಯೋಚನೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ನೆಲ ಒರೆಸುತ್ತಾ ಯಾವುದೋ ಸೋಬಾನೆ ಪದ ಗುನುಗುತ್ತಿದ್ದೆ. ಮೇಡಂ ತಿರುಗಿ ನೋಡಿ, “ಅಜ್ಜಿ, ಇದನ್ನೇ ಹಾಡಿ. ಕಂಪ್ಯೂಟ್ರುಗೆ ದನಿ ತುಂಬೋದು ಎಂಗೆ ಅಂತ ಇವ್ರಿಗೆಲ್ಲ ತೋರಿಸ್ಬೇಕು” ಅಂದಳು. ಸ್ಪೀಕರು ಇಲ್ಲದ ಅಂಗೈಯಗಲದ ಟೇಪು ಅವಳ ಹತ್ತಿರ ಇತ್ತು. ಮೊದಲು ಅದಕ್ಕೆ ಹಾಡಬೇಕು, ಆಮೇಲೆ ಅದರಿಂದ ಒಂದು ವೈರಿನಲ್ಲಿ ಕಂಪ್ಯೂಟರಿಗೆ ದನಿ ಹೋಗಬೇಕು. ಹಾಡಿದೆ. ಒಳಗೊಳಗೆ ಅಂದುಕೊಂಡೆ: ಇದಕ್ಕೆ ನಂಟಸ್ತನ ಇಲ್ಲ, ಹೊಟ್ಟೆಕಿಚ್ಚಿಲ್ಲ, ಇದು ಹೇಳಿದ್ದು ನಿಜ.

ಮಿಷಿನ್ನು ನನ್ನ ಪದವನ್ನು ತಿರುಗಿ ಹೇಳಿತು. ಕೊರಕೊರ, ಬಿರಬಿರ. ಓಡಿನಲ್ಲಿ ಜೋಳ ಸಿಡಿದ ಹಾಗೆ. ಎತ್ತರಕ್ಕೆ ಹೋದಲ್ಲೆಲ್ಲ ತಗಡು ಹರಿದ ಸದ್ದು.

ಕಲಿಯಲು ಬಂದಿದ್ದ ಹೆಣ್ಣುಮಕ್ಕಳು ಬಾಯಿಗೆ ವೇಲು ಅಡ್ಡ ಹಿಡಿದು ನಕ್ಕರು. ಒಬ್ಬಳು, “ಅಜ್ಜಿ, ಕಂಪ್ಯೂಟ್ರುಗೆ ದಮ್ಮು ಗೂರ್ಲು ಬಂದಂಗೈತಲ್ಲಾ” ಅಂದಳು. ನಾನು ಬಕೆಟ್ಟು ಎತ್ತಿಕೊಂಡು ಕೆಳಗೆ ಹೋದೆ. ಆ ಸಂಜೆ ವಾರಗಿತ್ತಿಯ ಬಾಗಿಲಲ್ಲಿ ನಿಂತು, “ಪ್ಯಾಟೆ ಮದ್ವೇಲಿ ನೀನೇ ಎತ್ಕೊ. ನನ್ ಕೈಲಾಗಕಿಲ್ಲ” ಅಂದುಬಿಟ್ಟೆ. ಅವಳು ನನ್ನ ಮುಖ ನೋಡಿದಳು. ಆಡಿಕೊಳ್ಳಲಿಲ್ಲ. ಅದು ಇನ್ನೂ ಕೆಟ್ಟದ್ದು.

ಮಾರನೆಯ ದಿನ ಬೆಳಿಗ್ಗೆ ಕ್ಲಾಸು ಶುರುವಾಗುವ ಮುಂಚೆ ಮೇಡಂ ಆರನೆಯ ಮಿಷಿನ್ನಿನ ಮುಂದೆ ಬಿಳಿ ಹಾಳೆ ಇಟ್ಟುಕೊಂಡು ಕೂತಿದ್ದಳು.

“ಬನ್ನಿ ಅಜ್ಜಿ, ಸ್ಟೂಲ್ ಎಳ್ಕೊಳ್ಳಿ. ಎಲ್ಲಿ ಒಡೀತಾ ಐತೆ ಅಂತ ನೋಡ್ಮ.”

“ನೋಡೋದೇನೈತವ್ವ. ನನ್ ಗಂಟ್ಲಲ್ಲೇ ಒಡೀತಾ ಐತೆ.”

“ಗಂಟ್ಲಿಂದ ಈ ಸ್ಪೀಕರ್‌ಗಂಟ ದನಿ ನಾಕು ಮನೆ ದಾಟ್ಕೊಂಡು ಬತ್ತದೆ. ಕಡೇ ಮನೆಯಿಂದ ಕೇಳ್ಕೊಂಡು ಹೋಗ್ಮ. ಗಂಟ್ಲಿನ ಸರದಿ ಕೊನೇಗೆ.”

ಬಿಳಿ ಹಾಳೆಯ ಮೇಲೆ ಉದ್ದ ಗೆರೆ ಎಳೆದು, ಗೆರೆಯ ಮೇಲೆ ಮನೆಗಳನ್ನು ಬರೆದಳು. ಬಲಗಡೆ ತುದಿಗೆ ಸ್ಪೀಕರು, ಎಡಗಡೆ ತುದಿಗೆ ನನ್ನ ಬಾಯಿ. ನನಗೆ ಅಕ್ಷರ ಅಷ್ಟಕ್ಕಷ್ಟೇ ಎಂದು ಗೊತ್ತಿದ್ದರಿಂದ ಬಾಯಿ ಇರುವಲ್ಲಿ ಬಾಯಿಯನ್ನೇ ಬರೆದಳು, ಎರಡು ಹಲ್ಲಿಟ್ಟು. ನನಗೆ ಆಗಲೇ ಅದಕ್ಕಿಂತ ಜಾಸ್ತಿ ಹಲ್ಲಿರಲಿಲ್ಲ.

ಮೊದಲು ಒಂದು ಸೀಡಿ ಹಾಕಿ ವಾದ್ಯ ಕೇಳಿಸಿದಳು. ನೀಟಾಗಿತ್ತು. “ಸ್ಪೀಕರ್ ತಪ್ಪಿಲ್ಲ” ಎಂದು ಆ ಮನೆಗೆ ಟಿಕ್ಕು ಹಾಕಿದಳು. ಆಮೇಲೆ, ದಸರಾಕ್ಕೂ ಮುಂಚೆ ಅವಳೇ ಒಂದು, ಎರಡು, ಮೂರು ಎಂದು ಎಣಿಸಿ ಮಿಷಿನ್ನಿಗೆ ತುಂಬಿಸಿದ್ದ ದನಿಯನ್ನು ಕೇಳಿಸಿದಳು. ಅದೂ ಸರಿಯಾಗಿತ್ತು. “ತುಂಬ್ಕೊಂಡಿದ್ದನ್ನ ಮಿಷಿನ್ ಸರಿಯಾಗೇ ಹೇಳ್ತದೆ. ಅಂದ್ರೆ ತುಂಬ್ಕೊಳ್ಳೋವಾಗ್ಲೇ ಏನೋ ಆಗದೆ.” ಇನ್ನೊಂದು ಟಿಕ್ಕು. ಆಮೇಲೆ ಟೇಪಿಗೆ ಹೆಡ್‌ಫೋನು ಸಿಕ್ಕಿಸಿ ತಾನು ಕೇಳಿದಳು. ಕಣ್ಣು ಮುಚ್ಚಿಕೊಂಡು, ತಲೆ ಬಾಗಿಸಿ.

“ಕ್ಯಾಸೆಟ್ಟಲ್ಲಿ ಚೆನ್ನಾಗೈತೆ ಅಜ್ಜಿ.”

“ನನ್ ಸಮಾಧಾನಕ್ಕೆ ಯೋಳ್ತಿದ್ದೀಯ.”

“ನೀವೇ ಕೇಳಿ.”

ತಲೆಗೆ ಸಿಕ್ಕಿಸಿಕೊಂಡೆ. ಅದರಲ್ಲಿ ಒಂದು ಕಿವಿ ಸತ್ತಿತ್ತು. ಇನ್ನೊಂದರಲ್ಲಿ ಎಲ್ಲೋ ಸೊಳ್ಳೆ ಹಾಡಿದ ಹಾಗೆ. ನನ್ನ ಕಿವಿಯೂ ಅಷ್ಟೇ ಚೆಂದ. “ಕೇಳಿಸ್ನಿಲ್ಲ” ಅಂದೆ. “ಅಂಗಾದ್ರೆ ನಂಬ್ಬೇಡಿ, ಜೋರಾಗೇ ಕೇಳುಸ್ತೀನಿ ತಡೀರಿ” ಅಂದಳು. ಬೇರೆಯವಳಾಗಿದ್ದರೆ ನನ್ನ ಮಾತು ನಂಬಜ್ಜಿ ಎಂದು ಆಣೆ ಹಾಕುತ್ತಿದ್ದಳು.

ಆ ಕರಿ ಪರದೆಯ ಮೇಲೇ ಚುಕ್ಕಿಚುಕ್ಕಿಯಾಗಿ ನನ್ನ ದನಿಯ ಚಿತ್ರ ತೋರಿಸಿದಳು. ದನಿಗೂ ಚಿತ್ರವಿದೆ ಎಂದು ಆವತ್ತೇ ಗೊತ್ತಾದದ್ದು. ಅವಳು ಎಣಿಸಿದ್ದರ ಚಿತ್ರ ಚಿಕ್ಕಚಿಕ್ಕ ಗುಡ್ಡಗಳು, ಒಂದೊಂದಕ್ಕೂ ತುದಿ ಇತ್ತು. ನನ್ನದರಲ್ಲಿ ಗುಡ್ಡಗಳಿಗೆ ತುದಿಯೇ ಇಲ್ಲ, ಎಲ್ಲ ಒಂದೇ ಮಟ್ಟಕ್ಕೆ ಚಪ್ಪಟೆ.

“ಇದೇನವ್ವಾ, ಸೇರಿನ ತಲೆ ಸವರ್ದಂಗೈತಲ್ಲ” ಅಂದೆ. ರಾಗಿ ಅಳೆಯುವಾಗ ಸೇರಿನ ಮೇಲೆ ಗೋಪುರ ನಿಂತರೆ ಅಂಗೈಯಲ್ಲಿ ಸವರಿಬಿಡುತ್ತೇವಲ್ಲ, ಹಾಗೆ.

ಮೇಡಂ ಪೆನ್ನು ಕೆಳಗಿಟ್ಟಳು. “ಅದೇ ಅಜ್ಜಿ. ಅದೇ ಆಗಿರೋದು. ಸೇರು ಇರೋದಿಷ್ಟೇ, ಬರ್ತಿರೋ ರಾಗಿ ಜಾಸ್ತಿ. ಮೇಲಿಂದೆಲ್ಲ ಸವರ್ಕೊಂಡು ಹೋಗ್ತದೆ. ಆ ಸವರಿದ್ದೇ ನಿಮಗೆ ಕೊರಕೊರ ಅಂತ ಕೇಳಿಸ್ತಿರೋದು. ಈಗ ಜಾಸ್ತಿ ಸುರೀತಿರೋರು ಯಾರು ಅಂತ ಹುಡುಕ್ಬೇಕು.”

ಬ್ಯಾಟರಿ ಲೈಟು ಹಿಡಿದುಕೊಂಡು ಮೇಜಿನ ಹಿಂದೆ ಬಗ್ಗಿದಳು. ನಾನು ಸ್ಟೂಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡೆ.

ಯಾಕೆಂದರೆ ಆಯುಧಪೂಜೆಯ ಹಿಂದಿನ ದಿನ ಮಿಷಿನ್ನುಗಳನ್ನು ಒರೆಸಲು ವೈರುಗಳನ್ನೆಲ್ಲ ಕಿತ್ತವಳು ನಾನು. ಹಿಂದುಗಡೆ ಒಂದೇ ಸಾಲಿನಲ್ಲಿ, ಒಂದೇ ಬಣ್ಣದ, ಒಂದೇ ಅಳತೆಯ ಮೂರು ತೂತು. ಒಂದಕ್ಕೆ ಸ್ಪೀಕರು, ಒಂದಕ್ಕೆ ಟೇಪಿನ ವೈರು, ಒಂದು ಖಾಲಿ. ಮರೆತೇನು ಎಂದು ಟೇಪಿನ ವೈರಿದ್ದ ತೂತಿನ ಪಕ್ಕಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟೆ. ಜಾಣತನ ಅಂದುಕೊಂಡೆ. ಮಾರನೆಯ ದಿನ ಪೂಜೆಗೆ ಬಂದ ಹೆಣ್ಣುಮಕ್ಕಳು ಭಕ್ತಿ ಜಾಸ್ತಿಯಾಗಿ ಮಿಷಿನ್ನಿನ ಹಿಂದೆ ಮುಂದೆ, ಕೀಬೋರ್ಡಿಗೆ, ಫ್ಯಾನಿನ ಸ್ವಿಚ್ಚಿಗೆ, ಮೂರೂ ತೂತಿಗೆ ಅರಿಸಿನ ಕುಂಕುಮ ಬಳಿದಿದ್ದರು. ಬೂದುಗುಂಬಳ ಒಡೆದಾದ ಮೇಲೆ ವೈರು ಸಿಕ್ಕಿಸಲು ಹೋದರೆ ನನ್ನ ಗುರುತು ಎಲ್ಲಿ? ತೋಚಿದ ಕಡೆ ಸಿಕ್ಕಿಸಿದೆ. ಸ್ಪೀಕರಿನದು ಪುಣ್ಯಕ್ಕೆ ಸರಿಹೋಗಿ ಹಾಡು ಬಂತು. ಎಲ್ಲ ಸರಿಯಾಯಿತು ಅಂದುಕೊಂಡೆ, ಬಾಯಿ ಬಿಡಲಿಲ್ಲ. ಆಮೇಲೆ ಟೇಪಿನ ವೈರಿನ ಗೊಡವೆಗೆ ಯಾರೂ ಹೋಗಿರಲಿಲ್ಲ, ನಾನು ಹಾಡುವ ತನಕ.

“ಮೂರಕ್ಕೂ ಕುಂಕುಮ ಯಾಕೈತೆ?” ಎಂದು ಮೇಜಿನ ಕೆಳಗಿನಿಂದ ದನಿ ಬಂತು.

“ಒಂದು ನಂದು. ಎರಡು ದೇವ್ರುದ್ದು” ಅಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಕೆಲಸ ಹೋದರೆ ಹೋಗಲಿ ಅನ್ನಿಸಿತು.

ಕೂದಲಿಗೆಲ್ಲ ಜೇಡರ ಬಲೆ ಹತ್ತಿಸಿಕೊಂಡು ಎದ್ದಳು. “ಟೇಪಿಂದು ಯಾವ ತೂತಲ್ಲಿತ್ತು, ಗ್ಯಾಪಕ ಐತಾ?”

“ಇಲ್ಲ ಕಣವ್ವ.”

“ಒಳ್ಳೇದಾಯ್ತು. ಐತೆ ಅಂದಿದ್ರೆ ಅದನ್ನ ನಂಬ್ಕೊಂಡು ಅರ್ಧ ದಿನ ಹಾಳ್ ಮಾಡ್ತಿದ್ದೆ.”

ಅಷ್ಟೇ ಅವಳು ಅಂದದ್ದು. ನನ್ನ ಅರವತ್ತು ವರ್ಷದಲ್ಲಿ ತಪ್ಪು ಮಾಡಿದ್ದು ಒಪ್ಪಿಕೊಂಡಾಗ ಒಳ್ಳೇದಾಯ್ತು ಅಂದವರು ಇನ್ನೊಬ್ಬರಿಲ್ಲ.

ಟೇಪಿನ ವೈರು ಮೈಕಿನ ತೂತಿನಲ್ಲಿತ್ತಂತೆ. ಮೈಕಿನದು ಬಲು ಸಣ್ಣ ದನಿ, ಅದನ್ನು ಆ ತೂತು ಎಷ್ಟೋ ಪಾಲು ದೊಡ್ಡದು ಮಾಡಿಕೊಳ್ಳುತ್ತದೆ. ಟೇಪಿನದು ಮೊದಲೇ ದೊಡ್ಡ ದನಿ. ಕಿತ್ತು ಪಕ್ಕದ ತೂತಿಗೆ ಹಾಕಿ, ಮತ್ತೆ ತುಂಬಿಸಿ ಕೇಳಿಸಿದಳು. ಮುಕ್ಕಾಲು ಕೊರಕೊರ ಹೋಗಿತ್ತು. ನಾನು ಎದ್ದೇಬಿಟ್ಟಿದ್ದೆ. ಅವಳು ಏಳಲಿಲ್ಲ. “ಇನ್ನೂ ಐತೆ” ಅಂದಳು.

ಬಿಳಿ ಅಕ್ಷರದ ನಡುವೆ ದನಿಯ ಮಟ್ಟ ಏರಿಸಿ ಇಳಿಸುವ ಗೆರೆಗಳಿದ್ದವು. ಟೇಪಿನ ಗೆರೆಯನ್ನು ಸ್ವಲ್ಪ ಇಳಿಸಿದಳು, ತುಂಬಿಸಿದಳು, ಕೇಳಿದಳು, ಬರೆದಳು. ಮತ್ತೆ ಸ್ವಲ್ಪ. ಪ್ರತಿ ಸಲವೂ ನನ್ನ ಪದದ ಅದೇ ಸಾಲು. ಈ ಗೆರೆ, ಟೇಪಿನ ವಾಲ್ಯೂಮು ಎರಡನ್ನೂ ಒಟ್ಟಿಗೆ ಇಳಿಸಿಬಿಡಬಾರದಾ ಅಂದರೆ, “ಒಂದ್ ಸಲಕ್ಕೆ ಒಂದೇ ಅಜ್ಜಿ. ಎರಡು ಮುಟ್ಟಿದ್ರೆ ಯಾವ್ದು ವಾಸಿ ಮಾಡ್ತು ಅಂತ ಗೊತ್ತಾಗಕಿಲ್ಲ” ಅಂದಳು. ಹಸು ಕೆಟ್ಟರೆ ನಾವು ಒಂದೇ ದಿನ ಕಷಾಯ, ಬರೆ, ಹರಕೆ, ಇಂಜೆಕ್ಷನ್ನು ಎಲ್ಲ ಮಾಡಿ, ಯಾವುದರಿಂದ ಉಳಿಯಿತು ಎಂದು ಮೂರು ತಲೆಮಾರು ಜಗಳ ಆಡುತ್ತೇವೆ.

ಕೊನೆಗೆ ಗುಡ್ಡಗಳಿಗೆಲ್ಲ ತುದಿ ಬಂತು. ಮೇಡಂ ಸ್ಪೀಕರು ಜೋರು ಮಾಡಿದಳು. ನನ್ನ ದನಿ ಮಹಡಿ ತುಂಬಾ ನಿಂತಿತು. ಮುದುಕಿಯ ದನಿಯೇ, ಆದರೆ ದನಿ. ಕೆಳಗಿನ ಗೊಬ್ಬರದ ಅಂಗಡಿಯವನು ಮೆಟ್ಟಿಲ ಬುಡದಿಂದ, “ಯಾರ್ ಮನೇಲಮ್ಮ ಮದ್ವೆ?” ಎಂದು ಕೂಗಿದ.

ಆದರೆ ಸೋಬಾನವೇ ಎಂದು ಮೇಲಕ್ಕೆ ಏರುವ ಕಡೆ ಒಂದು ಬಿರುಕು ಹಾಗೇ ಇತ್ತು. ಮೇಡಂ ಅಲ್ಲಿಗೆ ನಿಲ್ಲಿಸಿ ಚಿತ್ರ ನೋಡಿದಳು. ತುದಿ ಚಪ್ಪಟೆ ಇಲ್ಲ. ಮತ್ತೆ ಹೆಡ್‌ಫೋನು ಹಾಕಿ ಕ್ಯಾಸೆಟ್ಟಿನಲ್ಲೇ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಇದು ನಿಮ್ದೇ ಅಜ್ಜಿ. ಮಿಷಿನ್‌ದಲ್ಲ. ಈ ಒಂದು ಕಡೆ ಮಾತ್ರ.”

ಅವಳ ಮೇಲೆ ನನಗಿರುವ ಗೌರವವೆಲ್ಲ ಆ ಒಂದು ಮಾತಿನದು. ಎಲ್ಲ ಮಿಷಿನ್ನಿನದೇ ತಪ್ಪು ಎಂದು ಅವಳು ಹೇಳಿಬಿಡಬಹುದಿತ್ತು, ನಾನು ಕುಣಿದುಕೊಂಡು ಹೋಗುತ್ತಿದ್ದೆ. ಕೇಳಿದ್ದನ್ನು ಕೇಳಿದಷ್ಟೇ ಹೇಳಿದಳು, ಒಂದು ಚೂರು ಕೂಡಿಸಲಿಲ್ಲ, ಕಳೆಯಲಿಲ್ಲ. ಹಾಳೆಯ ಮೇಲಿದ್ದ ನನ್ನ ಎರಡು ಹಲ್ಲಿನ ಬಾಯಿಗೆ ಅರ್ಧ ಟಿಕ್ಕು ಹಾಕಿದಳು.

ಆ ಸಂಜೆ ಮತ್ತೆ ವಾರಗಿತ್ತಿಯ ಬಾಗಿಲಿಗೆ ಹೋದೆ. “ಪ್ಯಾಟೇಲಿ ನಾನೇ ಎತ್ತೀನಿ” ಅಂದೆ.

“ನೆನ್ನೆ ಆಗಕಿಲ್ಲ ಅಂದೆ, ಈಗ ಎತ್ತೀನಿ ಅಂತೀಯ. ಗಂಟ್ಲು ಸರಿಯಾಗ್ಲಿ ಅಂತ ನೆನ್ನೆ ರಾತ್ರಿಯಿಂದ ಮೆಣಸು ಅಗೀತಾ ಇವ್ನಿ ಕಣಕ್ಕ ನಾನು!”

“ಅಗ್ದಿದ್ದು ದಂಡ ಆಗಕಿಲ್ಲ ಬುಡು. ಮ್ಯಾಲಕ್ಕೆ ಹೋಗೋವಲ್ಲಿ ನನ್ ಗಂಟ್ಲು ಒಡೀತದೆ. ಅಲ್ಲಿ ನೀನ್ ಎತ್ಕೊ.”

“ಇದನ್ನೇ ಅಲ್ವಾ ನಾನು ಬ್ಯಾಸ್ಗೇಲಿ ಯೋಳಿದ್ದು?”

“ನೀನು ಗಂಟ್ಲೆಲ್ಲ ಸೀಳೋಗದೆ ಅಂದೆ. ಒಂದೇ ಕಡೆ ಸೀಳಿರೋದು. ಸರಿಯಾಗಿ ಯೋಳೋದ್ ಕಲ್ತ್ಕೊ.”

ಮದುವೆಯಲ್ಲಿ ಮೊದಲಿನಂತೆ ಬದು ದಾಟಿಸುವ ಹಾಗೆ ಕಿರುಚದೆ, ಚಪ್ಪರ ಎಷ್ಟು ಹಿಡಿಯುತ್ತದೋ ಅಷ್ಟಕ್ಕೇ ತಗ್ಗಿಸಿ ಎತ್ತಿದೆ. ಏರುವ ಜಾಗ ಬಂದಾಗ ಮೊಣಕೈಯಲ್ಲಿ ವಾರಗಿತ್ತಿಯನ್ನು ತಿವಿದೆ. ಮೊದಲ ಸಲ ಅವಳು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡಿದ್ದಳು, ಪದ ಬಿದ್ದುಹೋಯಿತು. ಹೆಂಗಸರೆಲ್ಲ ನಕ್ಕರು. ಎರಡನೆಯ ಸಲ ಉಗಿದು ಬಂದು ಕೂತು ಎತ್ತಿಕೊಂಡಳು. ಚೆನ್ನಾಗಿಯೇ ಎತ್ತಿದಳು, ಸುಳ್ಳು ಯಾಕೆ ಹೇಳಲಿ.

ಸೋಮವಾರ ಕೆಲಸಕ್ಕೆ ಹೋದಾಗ ಮೂರೂ ತೂತಿನ ಕುಂಕುಮ ಒರೆಸಿತ್ತು. ಟೇಪಿನ ವೈರಿಗೆ ಕೆಂಪು ದಾರ ಕಟ್ಟಿ, ಅದರ ತೂತಿನ ಪಕ್ಕಕ್ಕೆ ಉಗುರಿನ ಬಣ್ಣ ಹಚ್ಚಿದ್ದಳು. ಅದನ್ನು ಯಾವ ಭಕ್ತಿಯೂ ಅಳಿಸಲಾರದು. ಮೇಡಂ ಒಂದು ಕೀಬೋರ್ಡು ಬಿಚ್ಚಿ ತಲೆಕೆಳಗು ಮಾಡಿ ತಟ್ಟುತ್ತಿದ್ದಳು.

“ಏನಾಯ್ತಜ್ಜಿ ಮದ್ವೇಲಿ?”

“ನೀನು ಯೋಳಿದ ಕಡೇಲೇ ಒಡೀತದೆ. ಅದ್ಕೇ ಅಲ್ಲಿ ನಮ್ ವಾರಗಿತ್ತಿ ಕೈಗೆ ಕೊಟ್ಟೆ.”

“ಮಿಕ್ಕಿದ್ದು?”

“ಮಿಕ್ಕಿದ್ದು ನಿಂತ್ಕೊತು.”

ತಲೆ ಆಡಿಸಿ ಮತ್ತೆ ಕೀಬೋರ್ಡು ತಟ್ಟಿದಳು. ಕಡಲೆಪುರಿ, ಕೂದಲು, ಒಂದು ಸತ್ತ ಗೊದ್ದ ಇರುವೆ ಮೇಜಿನ ಮೇಲೆ ಉದುರಿದವು. ನಾನು ಪೊರಕೆ ತರಲು ಹೋದೆ.