ತತ್ತಿಗಳ ಬಾಣಂತನ

ಕೋಣೆ ಬಾಡಿಗೆಗೆ ಕೊಡುವ ದಿನವೇ ಮನೆಯೊಡತಿ ಆಯಿ ಒಂದೇ ಒಂದು ಷರತ್ತು ಹಾಕಿದ್ದರು. "ತಮ್ಮಾ, ಹೊರಗ ನೀ ಏನರ ತಿನ್ನು, ನಾ ಕೇಳಾಂಗಿಲ್ಲ. ನನ್ನ ಹೊಸ್ತಿಲ ಒಳಗ ಮಾತ್ರ ತತ್ತಿ ಬರಬಾರದು." ಮಾಂಸದ ಹೆಸರನ್ನಂತೂ ಅವರು ಬಾಯಲ್ಲೂ ತರಲಿಲ್ಲ. ಬೆಳಗಾವಿಯ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ ಅವರದು ಹಳೆಯ ಲಿಂಗಾಯತರ ಮನೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೆಳಗೆ ಅವರೊಬ್ಬರೇ, ಮೇಲಿನ ಕೋಣೆಯಲ್ಲಿ ನಾನು. ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಓಡಿಸುತ್ತಿದ್ದೆ. ಎರಡು ವರ್ಷ ಷರತ್ತು ಮುರಿಯಲಿಲ್ಲ. ಮೂರನೇ ವರ್ಷ ಒಮ್ಮೆಲೇ ಹನ್ನೊಂದು ತತ್ತಿ ಒಳಗೆ ತಂದೆ.

ತಪ್ಪು ಕಾಡುಬೆಕ್ಕಿನದು. ಖಾನಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವನಿಗೆ ಒಂದು ಕರಿ ಜವಾರಿ ಕೋಳಿ ಇತ್ತು. ಲಗ್ನವಾಗಿ ಬರುವಾಗ ತವರಿನಿಂದ ಬುಟ್ಟಿಯಲ್ಲಿ ತಂದ ಕೋಳಿಯ ಸಂತಾನ ಅದು. ತವರಿನಲ್ಲಿ ಈಗ ಅವಳವರು ಅಂತ ಯಾರೂ ಇಲ್ಲ. ಆ ಕೋಳಿಯೇ ಅವಳ ತವರು. ಕಾವಿಗೆ ಕೂರಿಸಲು ಬೆಸ ಲೆಕ್ಕ ನೋಡಿ ಹನ್ನೊಂದು ತತ್ತಿ ಕೂಡಿಸಿಟ್ಟಿದ್ದಳು. ಕೂರಿಸುವ ಹಿಂದಿನ ದಿನ ಕಾಡುಬೆಕ್ಕು ಕೋಳಿಯನ್ನೇ ಒಯ್ದಿತು. ಓಣಿಯಲ್ಲಿ ಬೇರೆ ಯಾರ ಕೋಳಿಯೂ ಆಗ ಕಾವಿಗೆ ಬಂದಿರಲಿಲ್ಲ. ಅವ್ವ ಅಳಲಿಲ್ಲ, ಬೆಕ್ಕನ್ನು ಬೈಯಲೂ ಇಲ್ಲ. ಬೈಯದೆ ಕುಂತ ಅವ್ವನನ್ನು ನಾನು ಅದೇ ಮೊದಲು ನೋಡಿದ್ದು, ಹೆದರಿಕೆಯಾಯಿತು.

"ನಾ ಮರಿ ಮಾಡಿಸಿ ತರತೇನಿ ಬೇ" ಅಂದುಬಿಟ್ಟೆ.

"ಯಾಕ, ನೀ ಕಾವಿಗೆ ಕುಂಡ್ರತಿ?" ಅಂದಳು.

ನಮ್ಮ ಕಾರ್ಖಾನೆಯ ವೈರ್‌ಮನ್ ಒಬ್ಬ ಥರ್ಮೋಕೋಲ್ ಡಬ್ಬಿಯಲ್ಲಿ ಇನ್‌ಕ್ಯುಬೇಟರ್ ಮಾಡಿಕೊಂಡಿದ್ದ. ಒಳಗೊಂದು ಬಲ್ಬು, ಕಾವು ಹೆಚ್ಚಾದರೆ ತಾನೇ ಆರುವ ಸ್ವಿಚ್ಚು, ಒಂದು ಬಟ್ಟಲು ನೀರು, ಗಾಳಿಗೆ ಪಕ್ಕದಲ್ಲಿ ನಾಲ್ಕು ತೂತು. ಅಷ್ಟೇ. ಅದನ್ನು ಕೇಳಿ ತಂದೆ. ನಮ್ಮ ಹಳ್ಳಿಯಲ್ಲಿ ಕರೆಂಟು ಮನಸ್ಸು ಬಂದಾಗ ಬರುತ್ತಿತ್ತು, ಹೀಗಾಗಿ ತತ್ತಿಗಳೇ ಬೆಳಗಾವಿಗೆ ಬರಬೇಕಾಯಿತು. ಹೊಟ್ಟಿನಲ್ಲಿ ಹೂತು, ಊಟದ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದು ತಂದೆ. ಆಯಿ ಬಾಗಿಲಲ್ಲೇ ನಿಂತಿದ್ದರು. "ಅವ್ವ ಏನ್ ಕಳಸ್ಯಾಳೋ?" ಅಂತ ಕೇಳಿದರು. "ಉಂಡಿ ರೀ" ಅಂದೆ. ನಾಲಿಗೆಗೆ ಎಲುಬಿಲ್ಲ ನೋಡಿ.

ಡಬ್ಬಿಯನ್ನು ಮಂಚದ ಕೆಳಗೆ ಇಟ್ಟೆ. ಪ್ರತಿ ತತ್ತಿಯ ಒಂದು ಮಗ್ಗುಲಿಗೆ ಪೆನ್ಸಿಲ್ ಗುರುತು ಹಾಕಿ, ದಿನಕ್ಕೆ ಮೂರು ಸಲ ಹೊರಳಿಸಬೇಕು. ಇಪ್ಪತ್ತೊಂದು ದಿನದ ಕೆಲಸ. ಐದನೇ ದಿನ ಪಾಳಿ ಮುಗಿಸಿ ಬಂದರೆ ಆಯಿ ಮೆಟ್ಟಿಲ ಮೇಲೆ ಕೂತಿದ್ದಾರೆ. ನನ್ನ ಬಾಗಿಲ ಸಂದಿಯಲ್ಲಿ ಬೆಳಕು ಕಂಡು, ಹಗಲಲ್ಲಿ ಲೈಟ್ ಹಚ್ಚಿಟ್ಟು ಹೋಗ್ಯಾನ ಅಂತ ತಮ್ಮ ಕೀಲಿಯಿಂದ ಬಾಗಿಲು ತೆಗೆದು ಬಲ್ಬು ಆರಿಸಲು ಹೋಗಿದ್ದರಂತೆ.

"ಉಂಡಿ ನೋಡಿದೆ" ಅಂದರು.

ಇನ್ನು ಹಾಸಿಗೆ ಸುತ್ತುವುದೇ ಗತಿ ಅಂದುಕೊಂಡು ಅವ್ವನ ಕೋಳಿಯ ಕತೆಯನ್ನೆಲ್ಲ ಹೇಳಿದೆ. ಅವರು ಸೆರಗಿನ ತುದಿ ತಿರುವುತ್ತ ಕೇಳಿದರು.

"ಅಂದ್ರ ಇವು ತಿನ್ನೂವಲ್ಲ?"

"ಅಲ್ರೀ ಆಯಿ, ಒಳಗ ಜೀವ ಐತಿ. ಮುಂದ ಈ ಸಂತಾನದ ಒಂದು ಕೋಳೀನೂ ನಮ್ಮವ್ವ ಕೊಯ್ಯಾಂಗಿಲ್ಲ." ಹುಂಜಗಳ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಜೀವ ಇದ್ದದ್ದನ್ನ ಹೊರಗ ಹಾಕಾಕ ಬರತೈತೇನು? ಬಲ್ಬು ನಾ ಆರಿಸಿಲ್ಲ, ಹೋಗು."

ಮರುದಿನದಿಂದ ಮಧ್ಯಾಹ್ನ ಮಗ್ಗುಲು ಹೊರಳಿಸುವ ಕೆಲಸ ಅವರೇ ಹಿಡಿದರು. ಮೊದಲು ಕೈಗೆ ಬಟ್ಟೆ ಸುತ್ತಿಕೊಂಡು, ಆಮೇಲೆ ಎರಡೇ ಬೆರಳಲ್ಲಿ, ವಾರ ಕಳೆಯುವಷ್ಟರಲ್ಲಿ ಬರಿಗೈಯಲ್ಲಿ. ಹೊರಳಿಸಿದ ಮೇಲೆ ಕೈತೊಳೆದು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಒಂದು ಸಂಜೆ ಬ್ಯಾಟರಿ ಬೆಳಕಿಗೆ ತತ್ತಿ ಹಿಡಿದು ಒಳಗಿನ ಕೆಂಪು ನರ ತೋರಿಸಿದೆ. "ಅಯ್ಯ, ನನ್ನ ಶಿವನ" ಅಂದು ಕೈಮುಗಿದರು. ಎರಡು ತತ್ತಿ ಬರಿದಾಗಿದ್ದವು, ತೆಗೆದೆ. ಅವತ್ತು ಆಯಿ ರಾತ್ರಿಯೂಟ ಬಿಟ್ಟರು.

ಇಪ್ಪತ್ತನೇ ದಿನ ಸಂಜೆ ಕೋಣೆಗೆ ಬಂದು ನೋಡುತ್ತೇನೆ: ಡಬ್ಬಿಗೆ ಸುತ್ತಲೂ ಕೌದಿ, ಕೌದಿಯ ಮೇಲೆ ಉಣ್ಣೆಯ ಸ್ಕಾರ್ಫು, ಬಿಚ್ಚಿದರೆ ನಾಲ್ಕೂ ತೂತಿಗೆ ಗಿಡಿದು ತುಂಬಿದ ಹತ್ತಿಯ ಅರಳಿ. ಬಾಣಂತಿಗೆ ಗಾಳಿ ತಾಗಬಾರದೆಂದು ತಲೆಗೆ ಸ್ಕಾರ್ಫ್ ಬಿಗಿದು ಕಿವಿಗೆ ಅರಳಿ ಇಡುತ್ತಾರಲ್ಲ, ಥೇಟ್ ಹಾಗೆ. ಪಕ್ಕದಲ್ಲಿ ಹೊಗೆ ಹಾಕಲು ಲೋಬಾನ ಬೇರೆ ತಯಾರು. ಮರಿ ಒಡೆದು ಬರುವ ಹೊತ್ತಿಗೇ ಗಾಳಿ ಬಹಳ ಬೇಕು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

"ಉಸರ ಕಟ್ಟಿಸಿ ಕೊಂದ್ರಿ ನೀವು!" ಅಂತ ಮೆಟ್ಟಿಲ ಮೇಲೆ ನಿಂತು ಇಡೀ ಓಣಿಗೆ ಕೇಳುವಂತೆ ಒದರಿದೆ.

ಕೆಳಗೆ ನಿಂತಿದ್ದ ಆಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಡಬ್ಬಿಯೊಳಗೆ ಚೀಂವ್ ಅಂದಿತು. ಸಂಜೆಯಷ್ಟರಲ್ಲಿ ಒಂಬತ್ತರಲ್ಲಿ ಏಳು ಮರಿ! ಕುಣಿದಾಡುತ್ತ ಕೆಳಗಿಳಿದು ಬಾಗಿಲು ಬಡಿದೆ. "ಆಯಿ, ಬಂದಾವ್ರೀ! ಏಳು ಬಂದಾವು!"

"ನಾ ಕೊಂದಾಕಿ. ನನಗ್ಯಾಕ ತೋರಸ್ತೀ" ಅಂತ ಒಳಗಿನಿಂದ ಧ್ವನಿ ಬಂತು. ನಾಚಿಕೆಯಿಂದ ಸತ್ತೇ ಹೋದೆ. ಎರಡು ದಿನ ಕಾದರೂ ಬಾಗಿಲು ತೆರೆಯಲಿಲ್ಲ. ಮರಿಗಳನ್ನು ಬುಟ್ಟಿಗೆ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದೆ.

ಅವ್ವ ಏಳನ್ನೂ ಒಂದೊಂದಾಗಿ ಮಡಿಲಲ್ಲಿ ಇಟ್ಟುಕೊಂಡಳು. ನಾಲ್ಕು ಕರಿಯವು. ಆಗ ಅತ್ತಳು, ಬೆಕ್ಕನ್ನೂ ಬಾಯ್ತುಂಬ ಬೈದಳು, ನನಗೆ ಹಾಯೆನಿಸಿತು. ನನ್ನ ಒದರಾಟದ ಕತೆಯನ್ನೂ ಮುಚ್ಚಿಡದೆ ಹೇಳಿದೆ. ನನಗೂ ಸಾಕಷ್ಟು ಬೈಗುಳ ಸಿಕ್ಕವು. ಆಮೇಲೆ ಟ್ರಂಕು ತೆಗೆದು ರವಿಕೆಗೆಂದು ಎತ್ತಿಟ್ಟ ಒಂದು ಹಸಿರು ಖಣ, ತೆಂಗಿನಕಾಯಿ ಕೈಗೆ ಕೊಟ್ಟಳು. "ಬಾಣಂತನ ಮಾಡಿದಾಕಿಗೆ ಉಡಿ ತುಂಬಬೇಕು."

"ಯವ್ವಾ, ಅವರಿಗೆ ಗಂಡ ಇಲ್ಲ."

"ಬಾಣಂತನ ಗಂಡ ಮಾಡಿದ್ನೇನು? ಕೊಟ್ಟು ಬಾ."

ಕ್ಷಮೆ ಕೇಳುವ ಮಾತನ್ನು ಬೆಳಗಾವಿಯತನಕ ಬಾಯಿಪಾಠ ಮಾಡುತ್ತ ಬಂದೆ. ಆಯಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಪಾಠವೆಲ್ಲ ಮರೆತು ಹೋಯಿತು. "ನಮ್ಮವ್ವ ಕಳಸ್ಯಾಳ್ರೀ, ಬಾಣಂತನ ಮಾಡಿದ್ದಕ್ಕ" ಅಂದು ಖಣ, ಕಾಯಿ ಮುಂದೆ ಹಿಡಿದೆ. ಅವರು ಅಕ್ಕಿ ಬದಿಗಿಟ್ಟು, ಎದ್ದು ನಿಂತು, ಎರಡೂ ಕೈಯಲ್ಲಿ ಸೆರಗು ಒಡ್ಡಿದರು.

"ನನಗ ಯಾರೂ ಬಾಣಂತನಕ್ಕ ಕರದಿಲ್ಲೋ ತಮ್ಮಾ, ಒಂದು ಸಲಾನೂ" ಅಂದರು. "ಅರಳಿ ಇಡತಾರಂತ ಬಾಗಲದಾಗ ನಿಂತು ನೋಡಿದ್ದಷ್ಟ. ಮುಂದಿನ ಸಲ ಇಡಾಂಗಿಲ್ಲ."