ತೊರವಿಯ ಹೊಸ ಜೈಲಿನ ಬಾಗಿಲು

ಸರಕಾರದ ಜೈಲನ್ನು ಕಂಪನಿ ಕಟ್ಟುತ್ತದೆ ಎಂದಾಗಲೇ ನನಗೆ ಅನುಮಾನ ಹತ್ತಿತ್ತು. ತೊರವಿಯ ಆಚೆ ಜಾಗ ಸರಕಾರದ್ದು, ಗೋಡೆ ಕಂಪನಿಯದು. ಕೈದಿಗಳು ನಮ್ಮವರು, ಕ್ಯಾಮೆರಾ ಅವರದು. ನಾನು ಹೆಣ್ಣುಮಕ್ಕಳ ಬ್ಯಾರಕ್ಕಿನ ಕಾವಲುಗಾರ್ತಿ. ನಾಳೆ ಏನಾದರೂ ಆದರೆ ಯಾರ ಕೊರಳಿಗೆ ಬರುತ್ತದೆ ಎಂದು ಕೇಳಿದೆ. ನಮ್ಮ ಸಾಹೇಬರು, "ಪಾಲುದಾರಿಕಿ ಅಂದ್ರ ಹಂಗ ಇರ್ತೈತ್ರಿ, ಭಾಳ ತಲಿ ಕೆಡಿಸ್ಕೋಬ್ಯಾಡ್ರಿ" ಎಂದು ನಕ್ಕರು.

ತಲೆ ಕೆಡಲು ಕಾರಣವಿತ್ತು. ನನ್ನ ಬ್ಯಾರಕ್ಕಿನಲ್ಲಿ ತಿಕೋಟಾ ಕಡೆಯ ಒಬ್ಬಳು ದಿನ ತುಂಬಿದ ಬಸುರಿ. ಚೊಚ್ಚಲು. ವಿಚಾರಣೆ ಮುಗಿಯದೆ ಒಳಗೆ ಕೊಳೆಯುತ್ತಿದ್ದಳು. ಹಳೆಯ ಜೈಲಿನಲ್ಲಿ ನಮ್ಮದೊಂದು ರೂಢಿ: ಹೆರಿಗೆಯ ಬ್ಯಾನಿ ಎಂದು ಕೂಗು ಬಿದ್ದರೆ ಮೊದಲು ಕೀಲಿ ತೆಗೆ, ಆಮೇಲೆ ಸಾಹೇಬರಿಗೆ ಹೇಳು. ಬಿಜ್ಜರಗಿಯಲ್ಲಿ ಸೂಲಗಿತ್ತಿಯಾಗಿದ್ದ ನಮ್ಮವ್ವ, ಬ್ಯಾನಿ ತಿನ್ನುವ ಮನೆಯಲ್ಲಿ ಕೀಲಿ ಹಾಕಿರಬಾರದು ಎನ್ನುತ್ತಿದ್ದಳು. ಜೈಲಿನಲ್ಲಿ ಅಷ್ಟು ಸಾಧ್ಯವೇ? ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದೆವು.

ಹೊಸ ಬಾಗಿಲಿಗೆ ಇಬ್ಬರು ಬೇಕು. ನಮ್ಮ ಕೀಲಿ ತಿರುಗಬೇಕು, ಅದೇ ಹೊತ್ತಿಗೆ ಕಂಪನಿಯವನು ತನ್ನ ಕೋಣೆಯಿಂದ ಗುಂಡಿ ಒತ್ತಬೇಕು. ಸರಕಾರಕ್ಕೆ ಕಂಪನಿಯ ಮೇಲೆ ನಂಬಿಕೆಯಿಲ್ಲ, ಕಂಪನಿಗೆ ನಮ್ಮ ಮೇಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ.

ಕೈದಿಗಳನ್ನು ಸಾಗಿಸುವ ಮುಂಚೆ ಬಾಗಿಲಿನ ಪರೀಕ್ಷೆ. ಕೈದಿಯಾಗಿ ನಾನೇ ಒಳಗೆ ಕೂತೆ. ಜೊತೆಗಾತಿ ಹೊರಗೆ ಕೀಲಿ ಹಿಡಿದು ನಿಂತಳು. ಬೇಕೆಂದೇ ಹೊಟ್ಟೆ ಹಿಡಿದು, "ಯವ್ವಾ, ಸತ್ತೆನ್ರೋ! ಬ್ಯಾನಿ ಬಂದಾವ, ಬಾಗಲಾ ತಗೀರಿ!" ಎಂದು ಕಿರುಚಿದೆ. ಅವಳು ಕೀಲಿ ತಿರುಗಿಸಿದಳು. ಗುಂಡಿ ಒತ್ತುವವನು ಮೈಕಿನಲ್ಲಿ, "ಬ್ಯಾನಿ ಅಂತ ಬಾಗಲಾ ತಗೀಬೇಕಂದ್ರ ನಮ್ಮ ಮ್ಯಾನೇಜರ್ ಹೇಳ್ಬೇಕ್ರಿ" ಅಂದ. ಆ ಮಹಾರಾಯ ಬಬಲೇಶ್ವರದ ದಾರಿಯಲ್ಲಿದ್ದ, ಫೋನು ಹತ್ತಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ. ಮೊದಮೊದಲು ನಾಟಕ, ಆಮೇಲೆ ಖರೇನೇ ಜೀವ ಬಾಯಿಗೆ ಬಂತು. ಮ್ಯಾನೇಜರ್ ಬಂದ ಮೇಲೆಯೇ ಬಾಗಿಲು ತೆರೆಯಿತು. ಅವನಿಗೋ ಖುಷಿ. "ನೋಡಿದ್ರಿಲ್ಲ? ಎಷ್ಟು ಒದರಿದ್ರೂ ತೆರೀಲಿಲ್ಲ. ಪಾಸ್!" ಅಂದ. ಅವನ ಕಪಾಳಕ್ಕೆ ಒಂದು ಬಿಗಿಯಬೇಕೆನ್ನಿಸಿತು.

"ಆ ಬಸುರಿ ಹಡಿಯೋತನಾ ಹಳೇ ಜೈಲಿನಾಗ ಇರ್ಲಿ ಸಾಹೇಬ್ರ" ಎಂದು ಬೇಡಿಕೊಂಡೆ. ಒಪ್ಪಂದದ ತಾರೀಕು ದಾಟುವಂತಿಲ್ಲ ಎಂದುಬಿಟ್ಟರು.

ಸಾಗಿಸುವ ದಿನ ಅವಳನ್ನು ಕಡೆಯ ವ್ಯಾನಿಗೆ ಹತ್ತಿಸಿ ಪಕ್ಕದಲ್ಲೇ ಕೂತೆ. ಸಿದ್ಧೇಶ್ವರ ಗುಡಿ ದಾಟುತ್ತಲೇ ಅವಳ ಕಿವಿಯಲ್ಲಿ, "ಹೊಟ್ಟಿ ಹಿಡ್ಕೊಂಡು ಒದರ ಬೇ" ಎಂದೆ. ಕಣ್ಣರಳಿಸಿ ನನ್ನನ್ನೇ ನೋಡಿದಳು. ಆಮೇಲೆ ಒದರಿದಳು ನೋಡಿ, ಡ್ರೈವರ್ ಗಾಬರಿಯಾದ. "ದವಾಖಾನಿಗೆ ಹೊಡಿಯೋ ಯಪ್ಪಾ!" ಅಂದೆ. ಅಲ್ಲಿ ಡಾಕ್ಟರಬಾಯಿ ಮುಟ್ಟಿ ನೋಡಿ, "ಬ್ಯಾನಿ ಎಲ್ಲಿ ಅದಾವ್ರಿ?" ಎಂದರು. "ಬರ್ತಾವ್ರಿ" ಅಂದೆ. ನನ್ನ ಮುಖ ನೋಡಿದರು, ಇನ್ನೇನೂ ಕೇಳದೆ ಒಂದು ಮಂಚ ಕೊಟ್ಟರು. ಅದೇ ವಾರ ಹೆಣ್ಣುಮಗು ಹುಟ್ಟಿತು.

ಸಾಹೇಬರು ನನ್ನನ್ನು ಕರೆಸಿ, ಆ ಮ್ಯಾನೇಜರನ ಎದುರಿಗೇ ಕೇಳಿದರು: "ಸುಳ್ಳು ಬ್ಯಾನಿ ಯಾಕ ಹೇಳ್ಸಿದ್ರಿ?"

"ಸುಳ್ಳು ಬ್ಯಾನಿಗೆ ಇವರ ಬಾಗಲಾ ತೆರೀಲಿಲ್ರಿ" ಅಂದೆ. "ಖರೇ ಬ್ಯಾನಿ ಇಟ್ಟು ಪರೀಕ್ಷಾ ಮಾಡಾಕ ನನಗ ಧೈರ್ಯ ಸಾಲಲಿಲ್ಲ."