ಗಾಳಿ ನುಂಗಿ ಕಲಿತ ಮಾತು

ನನ್ನ ಗಂಡ ವನಗೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಜೀಪು ಓಡಿಸುತ್ತಿದ್ದರು. ಆಳುಗಳನ್ನು ತುಂಬಿಕೊಂಡು ಏರು ಹತ್ತುವಾಗ ಹಾರನ್ನಿಗಿಂತ ಮೊದಲು ಅವರ ಗಂಟಲು ಕೇಳಿಸುತ್ತಿತ್ತು. ಆ ಗಂಟಲು ಒಡೆದಾಗ ಶೀತ ಎಂದುಕೊಂಡೆವು. ಶುಂಠಿ ಕಷಾಯ ಕುಡಿಸಿದೆ. ಸಕಲೇಶಪುರದ ಡಾಕ್ಟರು ಕೊಟ್ಟ ಮಾತ್ರೆಗಳೂ ಮುಗಿದವು. ಕೊನೆಗೆ ಆ ಡಾಕ್ಟರೇ, “ಮಂಗಳೂರಿಗೆ ಹೋಗಿ ತೋರಿಸ್ಕಂಡು ಬನ್ನಿ, ತಡ ಮಾಡ್ಬೇಡಿ” ಎಂದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಮೊದಲು ಕರೆಂಟು ಕೊಟ್ಟರು. ನಮ್ಮ ಕಡೆ ರೇಡಿಯೇಶನ್ನಿಗೆ ಹಾಗೆಯೇ ಹೇಳುವುದು. ಕತ್ತಿನ ಚರ್ಮ ಕಪ್ಪಾಯಿತು, ನಾಲಿಗೆಯ ರುಚಿ ಸತ್ತಿತು, ಗಡ್ಡೆ ಮಾತ್ರ ಪೂರ್ತಿ ಕರಗಲಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು.

“ಆಮೇಲೆ ಮಾತು?” ಎಂದು ಇವರು ಕೇಳಿದರು.

“ಬೇರೆ ರೀತಿ ಕಲಿಸ್ತೇವೆ. ಮೊದಲು ಜೀವ ಉಳಿಯಲಿ” ಎಂದರು ಡಾಕ್ಟರು.

ಆಪರೇಶನ್ನಿಗೆ ಕರೆದುಕೊಂಡು ಹೋಗುವಾಗ ಇವರು ನನ್ನ ಕಡೆ ತಿರುಗಿ, “ಎಮ್ಮೆಗೆ ಹುಲ್ಲು ಹಾಕೋಕೆ ಯಾರಿಗಾದ್ರೂ ಹೇಳಿ ಬಂದಿದ್ದೀಯೇನೇ?” ಎಂದರು. ಅವರ ಸ್ವಂತ ಧ್ವನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು. ಹೂಂ ಎಂದು ತಲೆಯಾಡಿಸಿದೆ.

ಕತ್ತಿನಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ಆಪರೇಶನ್ನಿನಲ್ಲಿ ಭುಜದ ನರಕ್ಕೆ ಪೆಟ್ಟಾಗಿ ಬಲಗೈ ಮೇಲೇಳುತ್ತಿರಲಿಲ್ಲ. ವ್ಯಾಯಾಮ ಮಾಡಿಸುವವರು ಬಂದು, ಗೋಡೆಯ ಮೇಲೆ ಬೆರಳುಗಳನ್ನು ಹುಳ ಹರಿದಂತೆ ಮೇಲಕ್ಕೆ ನಡೆಸಲು ಹೇಳಿಕೊಟ್ಟರು. ಅದನ್ನು ಇವರು ಹಲ್ಲು ಕಚ್ಚಿ ಮಾಡಿದರು. ಸ್ಟೀರಿಂಗ್ ಹಿಡಿಯಲು ಆ ಕೈ ಬೇಕಿತ್ತು. ಮಾತು ಕಲಿಸಲು ಬಂದ ಟೀಚರಮ್ಮ ಚಿಕ್ಕ ವಯಸ್ಸಿನವರು. “ಗಾಳಿಯನ್ನು ನೀರಿನ ಹಾಗೆ ನುಂಗಿ. ತೇಗು ಬರುವಾಗ ಅದರಲ್ಲೇ ಅಕ್ಷರ ಹೇಳ್ಬೇಕು. ಎಲ್ಲಿ, ‘ಪ’ ಹೇಳಿ ನೋಡುವ” ಎಂದರು. ಹೆಣ್ಣುಮಗಳ ಎದುರು ಕೂತು ತೇಗುವುದಕ್ಕೆ ಇವರಿಗೆ ನಾಚಿಕೆ. ಗೋಡೆಯ ಕಡೆ ಮುಖ ತಿರುಗಿಸಿದರು.

ಊರಿಗೆ ಬಂದ ಮೇಲೆ ಆ ಪಾಠ ಅಲ್ಲಿಗೇ ನಿಂತಿತು. ಕತ್ತಿಗೆ ತೆಳು ಬಟ್ಟೆ ಕಟ್ಟಿಕೊಂಡು ಎಸ್ಟೇಟಿನ ಸ್ಟೋರಿನವರೆಗೆ ಜೀಪು ಓಡಿಸಲು ಶುರು ಮಾಡಿದರು. ಮನೆಯಲ್ಲಿ ಏನು ಬೇಕಾದರೂ ಚಪ್ಪಾಳೆ ತಟ್ಟುವರು, ನಾನು ಹೋಗುವೆ. ಹಾಗೆಯೇ ಬದುಕಬಹುದು ಅಂದುಕೊಂಡಿದ್ದೆವು.

ಒಂದು ದಿನ ಬೆಳಿಗ್ಗೆ ಮನೆಯ ಕೆಳಗಿನ ಇಳಿಜಾರಿಗೆ ಸೌದೆ ತರಲು ಹೋದವರು ಜಾರಿ ಬಿದ್ದು ಕಾಲು ಮುರಿದುಕೊಂಡರು. ನಾನು ಮೇಲೆ ಅಂಗಳದಲ್ಲಿ ರಾಗಿ ಕೇರುತ್ತಿದ್ದೆ. ಚಪ್ಪಾಳೆ ಕೇಳಿಸಿತ್ತು. ತೋಟದಲ್ಲಿ ಯಾರೋ ಮಂಗ ಓಡಿಸುತ್ತಿದ್ದಾರೆ ಎಂದುಕೊಂಡು ಕೇರುತ್ತಲೇ ಇದ್ದೆ. ಊಟದ ಹೊತ್ತಿಗೂ ಬಾರದಾಗ ಹುಡುಕಿಕೊಂಡು ಹೋದೆ. ಕಾಫಿಗಿಡದ ಬುಡಕ್ಕೆ ಒರಗಿಕೊಂಡಿದ್ದರು. ಅಂಗೈಗಳು ಕೆಂಪಾಗಿ ಬಾತಿದ್ದವು. ನನ್ನನ್ನು ಕಂಡ ಮೇಲೂ ಬಾಯಿ ಕೂಗುತ್ತಲೇ ಇತ್ತು. ಕತ್ತಿನ ತೂತಿನಿಂದ ಗಾಳಿ ಮಾತ್ರ ಬುಸ್ಸೆನ್ನುತ್ತಿತ್ತು.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತ ಮೇಲೆ ಅವರೇ ಗಂಟಲು ಮುಟ್ಟಿ ತೋರಿಸಿ, ಕಲಿಯೋಣ ಎಂದು ಸನ್ನೆ ಮಾಡಿದರು. ಜಗಲಿಯಲ್ಲಿ ಎದುರುಬದುರು ಕೂತು ಇಬ್ಬರೂ ಗಾಳಿ ನುಂಗಿದೆವು. ಮೊದಲು ತೇಗಿದ್ದು ನಾನು. ಅವರು ನಕ್ಕರು, ಸದ್ದಿಲ್ಲದೆ, ಭುಜ ಕುಣಿಸಿಕೊಂಡು. ಕಾಯಿಲೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಕೆಲವು ವಾರಗಳ ನಂತರ ಒಂದು ದಿನ ಒಲೆಯ ಮುಂದೆ ಇದ್ದೆ. ಹೊರಗಿನಿಂದ “ಬಾ” ಎಂದು ಒರಟಾಗಿ ಕೇಳಿಸಿತು. ಯಾರೋ ಬಂದರೆಂದು ಕೈ ಒರೆಸಿಕೊಳ್ಳುತ್ತ ಓಡಿ ಬಂದೆ.

“ಯಾರ್ರೀ ಬಂದಿದ್ದು?”

ಅವರು ತಮ್ಮ ಎದೆಯ ಮೇಲೆ ಬೆರಳಿಟ್ಟು ತೋರಿಸಿಕೊಂಡರು. ಆಮೇಲೆ ‘ಕಾಪಿ’ ಬಂತು, ‘ಬೇಡ’ ಬಂತು. ಮಂಗಳೂರಿಗೆ ಹೋದಾಗ ಟೀಚರಮ್ಮ ಅದನ್ನು ಕೇಳಿ, “ಮನೆಯಲ್ಲೇ ಇಷ್ಟು ಕಲ್ತಿದ್ದಾ ಮಾರಾಯ್ರೆ!” ಎಂದು ಬೇರೆ ಕೋಣೆಯವರನ್ನೂ ಕರೆದು ಕೇಳಿಸಿದರು.

ಮುಂದಿನ ವರ್ಷ ಕಿವಿಯ ಕೆಳಗೆ ಗಂಟು ಕಾಣಿಸಿಕೊಂಡಿತು. ಈ ಸಲ ಡಾಕ್ಟರು ಆಪರೇಶನ್ನಿನ ಮಾತು ಎತ್ತಲಿಲ್ಲ, ಕರೆಂಟಿನ ಮಾತೂ ಎತ್ತಲಿಲ್ಲ. “ಇನ್ನು ನೋವು ಕಡಿಮೆ ಮಾಡುವ” ಎಂದಷ್ಟೇ ಹೇಳಿದರು. ನರ್ಸಮ್ಮ ನನ್ನ ಪಕ್ಕ ಕೂತು ಗಂಟು ಒಡೆದರೆ ಗಾಯ ತೊಳೆಯುವುದನ್ನು, ತೂತಿನಿಂದ ಕಫ ಎಳೆಯುವ ಸಣ್ಣ ಮಿಶಿನ್ನು ಹಿಡಿಯುವುದನ್ನು ಹೇಳಿಕೊಟ್ಟರು. ನೋವಿನ ಮಾತ್ರೆ ನಿಜಕ್ಕೂ ಕೆಲಸ ಮಾಡಿತು. ಅದು ಸಿಕ್ಕಿದ ದಿನದಿಂದ ಅವರು ಮಲಗಿ ನಿದ್ದೆ ಮಾಡಿದರು.

ಆದರೆ ಗಡ್ಡೆ ಬೆಳೆದು ಅನ್ನನಾಳ ಕಟ್ಟುತ್ತ ಬಂದಂತೆ ಗಾಳಿ ಕೆಳಗಿಳಿಯುತ್ತಿರಲಿಲ್ಲ. ಕಲಿತ ಮಾತುಗಳು ಒಂದೊಂದಾಗಿ ಹೋದವು. ಬಾಯಿ ತೆರೆದು ಹವಣಿಸುವರು, ಕಣ್ಣಲ್ಲಿ ನೀರು ಬರುವಷ್ಟು. “ಬಿಡಿ, ಗೊತ್ತಾಯ್ತು ಬಿಡಿ ನಂಗೆ” ಎನ್ನುತ್ತಿದ್ದೆ. ಏನೂ ಗೊತ್ತಾಗಿರುತ್ತಿರಲಿಲ್ಲ. ಅದು ಅವರಿಗೂ ತಿಳಿದಿತ್ತು. ನನ್ನ ಕೈ ತಟ್ಟಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೂಮಳೆ ಬಿದ್ದು ಕಾಫಿ ಅರಳಿದ್ದ ವಾರ ಹೋಗಿಬಿಟ್ಟರು.

ಆಸ್ಪತ್ರೆಯವರು ಎರವಲು ಕೊಟ್ಟಿದ್ದ ಮಿಶಿನ್ನನ್ನು ಹಿಂದಿರುಗಿಸಲು ನಾನೊಬ್ಬಳೇ ಮಂಗಳೂರಿಗೆ ಹೋದೆ. ಟೀಚರಮ್ಮನ ಕೋಣೆಯಲ್ಲಿ ಕತ್ತಿಗೆ ಬಟ್ಟೆ ಕಟ್ಟಿದ ಒಬ್ಬರು ತಲೆ ತಗ್ಗಿಸಿ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ನನ್ನನ್ನು ಕಂಡ ಟೀಚರಮ್ಮನಿಗೆ ಸುದ್ದಿ ಗೊತ್ತಿರಲಿಲ್ಲ. “ಇವರ ಯಜಮಾನ್ರು ಮನೆಯಲ್ಲೇ ಕಲ್ತದ್ದು. ನೀವೇ ಹೇಳಿ ಇವ್ರಿಗೆ” ಎಂದು ಸಡಗರದಿಂದ ನನ್ನನ್ನು ಮುಂದೆ ಕರೆದರು.

“ಕಲೀಬೋದು ಕಣಣ್ಣ. ನಾಚ್ಕೋಬಾರ್ದು ಅಷ್ಟೇ. ನಮ್ಮನೆಯವ್ರು ಮೊದ್ಲು ‘ಬಾ’ ಅಂತ ಕರೆದ್ರು” ಎಂದೆ.

ಅವರು ತಲೆ ಎತ್ತಿದರು. ಹೆಂಡತಿ ನನ್ನ ಕೈ ಹಿಡಿದುಕೊಂಡು, “ಈಗ ಚೆನ್ನಾಗಿ ಮಾತಾಡ್ತಾರಾ ಅಕ್ಕ?” ಎಂದು ಕೇಳಿದರು.

ನಾನು ಟೀಚರಮ್ಮನ ಮುಖ ನೋಡಿದೆ. ಅವರ ಕಣ್ಣು ಕುಂಕುಮವಿಲ್ಲದ ನನ್ನ ಹಣೆಯ ಮೇಲೆ, ಆಮೇಲೆ ಕೈಚೀಲದಲ್ಲಿದ್ದ ಮಿಶಿನ್ನಿನ ಮೇಲೆ ಹೋಯಿತು. ಆ ಹೆಂಗಸು ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.